ಮೊದಲ ಪ್ಯಾಚ್ ಆಯ್ತು, ಎರಡನೆಯದು ಎಲ್ಲಿ?

ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್ ಯೋಜನೆಗಳಿಗೆ ಹೊಸಬರು ಒಂದು ಪ್ಯಾಚ್ (ಕೋಡ್‌ಗೆ ಮಾಡಿದ ತಿದ್ದುಪಡಿ) ಕಳಿಸುತ್ತಾರೆ, ಆಮೇಲೆ ಕಾಣುವುದಿಲ್ಲ. ಯಾಕೆ? ಒಂದು ಹಳೆಯ ಕಥೆಯಿಂದ ಶುರು ಮಾಡೋಣ. 1975ರಲ್ಲಿ ಬಂದ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಆರನೇ ಆವೃತ್ತಿಯ ಕರ್ನಲ್‌ನಲ್ಲಿ, ಅಂದರೆ ಅದರ ತಿರುಳಿನಲ್ಲಿ, ಒಂದು ಕಾಮೆಂಟ್ (ಕೋಡ್ ಓದುವವರಿಗೆ ಬರೆದ ಟಿಪ್ಪಣಿ) ಇದೆ. ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ನಿಲ್ಲಿಸಿ ಇನ್ನೊಂದಕ್ಕೆ ಜಿಗಿಯುವ ಜಾಗ ಅದು. ಅಲ್ಲಿ ಬರೆದಿರುವುದು ಇಷ್ಟೇ: ಇದು ನಿಮಗೆ ಅರ್ಥವಾಗಲೇಬೇಕು ಅಂತೇನಿಲ್ಲ. ಓದಿದವರಲ್ಲಿ ಬಹಳ ಜನ ಅದನ್ನು ಸೊಕ್ಕಿನ ಮಾತು ಅಂದುಕೊಂಡರು. ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನ್ನಿಸ್ ರಿಚಿ ಆಮೇಲೆ ವಿವರಣೆ ಕೊಟ್ಟರು. 'ಇದು ಪರೀಕ್ಷೆಗೆ ಬರಲ್ಲ ಬಿಡಿ' ಅನ್ನುವ ಧಾಟಿಯಲ್ಲಿ ಬರೆದದ್ದು, ಸವಾಲು ಹಾಕೋಕೆ ಬರೆದದ್ದಲ್ಲ ಅಂದರು. ಜೊತೆಗೆ ಇನ್ನೊಂದು ಮಾತನ್ನೂ ಒಪ್ಪಿಕೊಂಡರು. ಅಲ್ಲಿ ಏನು ನಡೆಯುತ್ತಿದೆ ಅಂತ ಆಗ ಬರೆದವರಿಗೂ ಪೂರ್ತಿ ಗೊತ್ತಿರಲಿಲ್ಲವಂತೆ.

ಅದೇ ಕೋಡ್ ಹಿಡಿದುಕೊಂಡು 1976ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗೆ ಅಂತ ಟಿಪ್ಪಣಿ ಬರೆದರು. ಕರ್ನಲ್ ಪೂರ್ತಿ ಸುಮಾರು 9,000 ಸಾಲು. ಒಂದು ಸಂಪುಟದಲ್ಲಿ ಕೋಡ್, ಇನ್ನೊಂದರಲ್ಲಿ ಅದರ ವಿವರಣೆ. ಪಕ್ಕಪಕ್ಕ ಇಟ್ಟುಕೊಂಡು ಓದಬಹುದು. ಆಮೇಲೆ ಬಂದ ಆವೃತ್ತಿಯ ಲೈಸೆನ್ಸ್ ಕೋಡನ್ನು ತರಗತಿಯಲ್ಲಿ ಪಾಠ ಮಾಡಬಾರದು ಅಂತ ತಡೆ ಹಾಕಿತು. ಟಿಪ್ಪಣಿ ನಿಲ್ಲಲಿಲ್ಲ, ಜೆರಾಕ್ಸ್ ಮೇಲೆ ಜೆರಾಕ್ಸ್ ಆಗಿ ಕೈಯಿಂದ ಕೈಗೆ ಹೋಯಿತು. ಅಧಿಕೃತವಾಗಿ ಅಚ್ಚಾಗಿದ್ದು 1996ರಲ್ಲಿ.

ಈಗ ಯಾವ ಕೋಡನ್ನೂ ಕದ್ದು ಓದಬೇಕಾಗಿಲ್ಲ. ಒಂದು ಆಜ್ಞೆ ಟೈಪ್ ಮಾಡಿದರೆ ಇಡೀ ಲಿನಕ್ಸ್ ಕರ್ನಲ್ ನಿಮ್ಮ ಡಿಸ್ಕ್‌ಗೆ ಬಂದು ಬೀಳುತ್ತದೆ, ಚರಿತ್ರೆ ಸಮೇತ. ಕೊರತೆ ಇರುವುದು ಲಯನ್ಸ್ ಮಾಡಿದಂಥ ಕೆಲಸಕ್ಕೆ. ಕೋಡ್ ತೆರೆದಿಡುವವರು ಸಾವಿರಾರು ಜನ. ಪಕ್ಕದಲ್ಲಿ ಕೂತು ಓದಿಸುವವರು ಬೆರಳೆಣಿಕೆ.

ಹೊಸಬರನ್ನು ಕರೆಯೋದರಲ್ಲಿ ಯಾರೂ ಹಿಂದೆ ಬಿದ್ದಿಲ್ಲ. ಹೊಸಬರಿಗೆ ಹಣ ಕೊಟ್ಟು ಇಂಥ ಯೋಜನೆಗಳಲ್ಲಿ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ 'ಗುಡ್ ಫಸ್ಟ್ ಇಶ್ಯೂ' (ಹೊಸಬರಿಗೆ ತಕ್ಕ ಕೆಲಸ) ಅನ್ನೋ ಲೇಬಲ್ ಎಷ್ಟೋ ಯೋಜನೆಗಳಲ್ಲಿ ಕಾಣುತ್ತದೆ. ಅಕ್ಟೋಬರ್‌ನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ಪ್ಯಾಚ್ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಕಳಿಸಿದರೆ ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಅದು ಕೈಮೀರಿತು. ಪರಿಚಯ ಬರೆದಿಡುವ ರೀಡ್‌ಮಿ ಫೈಲ್‌ಗೆ ಸುಮ್ನೆ ಒಂದೆರಡು ಪದ ಸೇರಿಸಿದ ರಿಕ್ವೆಸ್ಟುಗಳು ಮೇಂಟೇನರ್‌ಗಳ (ಯೋಜನೆ ನೋಡಿಕೊಳ್ಳುವವರ) ಮೇಲೆ ಸುರಿದವು. ಕೊನೆಗೆ, ಭಾಗವಹಿಸಲು ಒಪ್ಪಿಕೊಂಡ ಯೋಜನೆಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಅಂತ ಸ್ಪರ್ಧೆ ನಡೆಯುತ್ತಿರುವಾಗಲೇ ನಿಯಮ ಬದಲಾಯಿತು. ಇವೆಲ್ಲ ಮೊದಲ ಪ್ಯಾಚ್‌ಗೆ ಕೊಡುವ ಪ್ರೋತ್ಸಾಹ. ಎರಡನೆಯದಕ್ಕೆ, ಹತ್ತನೆಯದಕ್ಕೆ ಏನಿದೆ? ಲಿನಕ್ಸ್ ಕರ್ನಲ್‌ನ ಹೊಸ ಬಿಡುಗಡೆ ಒಂಬತ್ತು ಹತ್ತು ವಾರಕ್ಕೊಂದು. ಪ್ರತಿಯೊಂದರಲ್ಲೂ ಸುಮಾರು 2,000 ಜನರ ಕೆಲಸ ಸೇರಿರುತ್ತದೆ, ಅದರಲ್ಲಿ 200ಕ್ಕೂ ಹೆಚ್ಚು ಜನ ಮೊದಲ ಸಲದವರು. ಇಷ್ಟು ಜನ ಪ್ರತಿ ಸಲ ಬಂದು ನೆಲೆ ನಿಂತಿದ್ದರೆ ಒಟ್ಟು ಸಂಖ್ಯೆ ಎಲ್ಲಿಗೋ ಹೋಗಬೇಕಿತ್ತು, ಅಲ್ವಾ? ಹೋಗಿಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಯೋಜನೆಯ ಹೆಸರು ಬೇಡ. ಒಂದು ಸಣ್ಣ ಬಗ್ ಸರಿಮಾಡೋಕೆ ಮೂರು ಸಂಜೆ ಕೂತಿದ್ದೆ. ಬದಲಾಯಿಸಿದ್ದು ಒಂದೇ ಸಾಲು. ಮೂರು ಸಂಜೆಯೂ ಹೋಗಿದ್ದು ಆ ಸಾಲು ಯಾವ ಫೈಲ್‌ನಲ್ಲಿದೆ ಅಂತ ಹುಡುಕೋದರಲ್ಲಿ. ರಿವ್ಯೂ ಮಾಡಿದವರು 'ಚೆನ್ನಾಗಿದೆ' ಅಂತ ಬರೆದು ಸೇರಿಸಿಕೊಂಡರು. ನನಗೆ ಖುಷಿಯೂ ಆಯಿತು, ಮುಂದೇನು ಅಂತ ಗೊತ್ತೂ ಆಗಲಿಲ್ಲ. ನಾನು ಆ ಯೋಜನೆಗೆ ಮತ್ತೆ ಏನೂ ಕಳಿಸಿಲ್ಲ.

ರಸ್ಟ್ ಭಾಷೆಯಲ್ಲಿ ಕೋಡ್ ಬರೆಯುವವರಿಗೆ ನೆರವಾಗುವ ರಸ್ಟ್-ಅನಲೈಜರ್ ಶುರು ಮಾಡಿದ ಪ್ರೋಗ್ರಾಮರ್ 2021ರಲ್ಲಿ ಇದಕ್ಕೊಂದು ಅಂದಾಜು ಕೊಟ್ಟಿದ್ದರು. ಪರಿಚಯವಿಲ್ಲದ ಯೋಜನೆಯಲ್ಲಿ ಪ್ಯಾಚ್ ಬರೆಯೋಕೆ ಎರಡು ಪಟ್ಟು ಸಮಯ ಹಿಡಿಯುತ್ತದೆ, ಎಲ್ಲಿ ಬದಲಾಯಿಸಬೇಕು ಅಂತ ಪತ್ತೆ ಹಚ್ಚೋಕೆ ಹತ್ತು ಪಟ್ಟು. ಯಾರೂ ಅಳೆದು ಹೇಳಿದ ಲೆಕ್ಕ ಅಲ್ಲ ಅದು, ಅನುಭವದ ಮಾತು. ಅವರು ಹೇಳಿದ ಪರಿಹಾರವೂ ಸರಳ. ಕೋಡ್ ಪಕ್ಕದಲ್ಲೇ ಒಂದು ಚಿಕ್ಕ ನಕ್ಷೆ ಇಡಿ. ಯಾವ ಫೋಲ್ಡರ್ ಏನು ಮಾಡುತ್ತದೆ, ಯಾವುದು ಯಾವುದನ್ನು ಮುಟ್ಟಬಾರದು ಅಂತ ಬರೆಯಿರಿ. ಬೇಗ ಬದಲಾಗುವ ವಿವರಗಳನ್ನು ಬಿಡಿ. ಎರಡು ಪುಟ ಸಾಕು. ಮೇಂಟೇನರ್ ಒಂದು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸ. ಆದರೂ ಮಾಡುವವರು ಕಡಿಮೆ. ಅವರ ತಲೆಯಲ್ಲಿ ಆ ನಕ್ಷೆ ಆಗಲೇ ಇರೋದರಿಂದ ಇಲ್ಲದಿರುವುದು ಕಾಣಿಸುವುದೇ ಇಲ್ಲ.

ನಕ್ಷೆ 'ಎಲ್ಲಿ' ಅನ್ನೋದನ್ನು ಹೇಳುತ್ತದೆ. 'ಯಾಕೆ ಹೀಗೆ' ಅನ್ನೋದು ಬೇರೆ, ಅದೇ ನಿಜವಾದ ಒಳಸುಳಿ. ಡೆನ್ಮಾರ್ಕ್‌ನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಒಂದು ಕಂಪೈಲರ್‌ನ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಮಿನ) ಕಥೆ ಬರುತ್ತದೆ. ಒಂದು ತಂಡ ಕಂಪೈಲರ್ ಕಟ್ಟಿತು. ಇನ್ನೊಂದು ತಂಡ ಅದನ್ನು ಬೆಳೆಸಬೇಕಿತ್ತು. ಅವರಿಗೆ ಕೋಡ್ ಪೂರ್ತಿ ಸಿಕ್ಕಿತು, ದಾಖಲೆ ಸಿಕ್ಕಿತು, ಕಟ್ಟಿದವರ ಸಲಹೆಯೂ ಸಿಕ್ಕಿತು. ಆದರೂ ಅವರು ತಂದ ಎಷ್ಟೋ ಬದಲಾವಣೆಗಳು ಕಂಪೈಲರ್‌ನ ರಚನೆಯನ್ನೇ ಕೆಡಿಸುವಂತಿದ್ದವು. ಮೊದಲ ತಂಡದವರು ನೋಡಿದ ಕೂಡಲೇ ಹೇಳುತ್ತಿದ್ದರು, ಅದಕ್ಕೆ ಇಲ್ಲೇ ಜಾಗ ಇದೆಯಲ್ಲ, ಹೀಗೆ ಮಾಡಿ ಅಂತ. ಮುಂದೆ ಮೊದಲ ತಂಡ ದೂರವಾಯಿತು. ಕೆಲವು ವರ್ಷಗಳ ಮೇಲೆ ನೋಡಿದರೆ ಮೂಲ ರಚನೆ ಅಲ್ಲೇ ಇತ್ತು, ಆದರೆ ಮೇಲೆ ಅಂಟಿಸಿದ ತೇಪೆಗಳಲ್ಲಿ ಮುಳುಗಿ ಕೆಲಸಕ್ಕೆ ಬಾರದಂತಾಗಿತ್ತು. ನೌರ್ ಪ್ರಕಾರ ಪ್ರೋಗ್ರಾಮ್ ಅಂದರೆ ಅದನ್ನು ಬರೆದವರ ತಲೆಯಲ್ಲಿರುವ ತಿಳಿವಳಿಕೆ. ಕೋಡ್ ಅದರ ಒಂದು ಭಾಗ ಮಾತ್ರ. ಅವರು ಇನ್ನೂ ಮುಂದೆ ಹೋಗಿ, ಆ ತಿಳಿವಳಿಕೆಯನ್ನು ಬರೆದಿಡೋಕೆ ಆಗುವುದೇ ಇಲ್ಲ, ಬಲ್ಲವರ ಜೊತೆ ಕೆಲಸ ಮಾಡಿಯೇ ಕಲಿಯಬೇಕು ಅಂದರು. ನಾನು ಅಷ್ಟು ದೂರ ಹೋಗಲಾರೆ. ಪೂರ್ತಿ ಬರೆಯೋಕೆ ಆಗಲ್ಲ ನಿಜ. ಆದರೆ ಈಗ ಬರೆದಿರುವುದಕ್ಕಿಂತ ಎಷ್ಟೋ ಜಾಸ್ತಿ ಬರೆಯಬಹುದು, ಓದುವವರ ಕೈಯಲ್ಲಿ ಮಾಡಿ ನೋಡಿಸಲೂಬಹುದು.

ಮಾಡಿ ನೋಡುವುದು ಅಂದರೆ ಹೇಗೆ? ಪೋಸ್ಟ್‌ಗ್ರೆಸ್ ಡೇಟಾಬೇಸ್ ತೆಗೆದುಕೊಳ್ಳೋಣ. ಹತ್ತು ಲಕ್ಷ ಸಾಲಿಗಿಂತ ದೊಡ್ಡ ಕೋಡ್, ಮೇಲಿಂದ ಕೆಳಗೆ ಓದಿ ಮುಗಿಸುವ ಮಾತಲ್ಲ. ಒಂದು ಎಳೆ ಹಿಡಿದು ಎಳೆಯಬೇಕು. ಒಂದು ಪುಟ್ಟ ಟೇಬಲ್ ಮಾಡಿ, ಒಂದು ಸಾಲು ತುಂಬಿಸಿ. ಈಗ ಆ ಸಾಲಿನ ಜೊತೆ ಎಕ್ಸ್‌ಮಿನ್, ಎಕ್ಸ್‌ಮ್ಯಾಕ್ಸ್, ಸಿಟಿಐಡಿ ಅನ್ನೋ ಮೂರು ಕಾಲಮ್‌ಗಳನ್ನೂ ಕೇಳಿ. ನೀವು ಅವನ್ನು ಮಾಡಿರಲಿಲ್ಲ, ಆದರೂ ಉತ್ತರ ಬರುತ್ತದೆ. ಎಕ್ಸ್‌ಮಿನ್ ಅಂದರೆ ಆ ಸಾಲನ್ನು ಹುಟ್ಟಿಸಿದ ವಹಿವಾಟಿನ (ಟ್ರಾನ್ಸಾಕ್ಷನ್‌ನ) ನಂಬರು. ಸಿಟಿಐಡಿ ಅಂದರೆ ಸಾಲು ಕೂತಿರುವ ಜಾಗ: ಸೊನ್ನೆಯ ಪುಟದಲ್ಲಿ ಒಂದನೆಯದು. ಈಗ ಆ ಸಾಲನ್ನು ಅಪ್‌ಡೇಟ್ ಮಾಡಿ ಮತ್ತೆ ಕೇಳಿ. ಜಾಗ ಬದಲಾಗಿದೆ. ಸೊನ್ನೆಯ ಪುಟದಲ್ಲಿ ಎರಡನೆಯದು ಅನ್ನುತ್ತಿದೆ.

ಇಲ್ಲಿ ಹೊಸಬರಿಗೆ ಮೊದಲ ಅಚ್ಚರಿ. ಅಪ್‌ಡೇಟ್ ಅಂದರೆ ಹಳೆಯದನ್ನು ಅಳಿಸಿ ಅದರ ಮೇಲೇ ಬರೆಯುವುದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಪೋಸ್ಟ್‌ಗ್ರೆಸ್ ಹಾಗೆ ಮಾಡುವುದೇ ಇಲ್ಲ. ಹಳೆಯದರ ಎಕ್ಸ್‌ಮ್ಯಾಕ್ಸ್‌ನಲ್ಲಿ 'ಇದನ್ನು ಇಂಥ ವಹಿವಾಟು ಹಳತು ಮಾಡಿತು' ಅಂತ ಗುರುತು ಹಾಕಿ ಬಿಟ್ಟುಬಿಡುತ್ತದೆ, ಹೊಸದನ್ನು ಬೇರೆ ಜಾಗದಲ್ಲಿ ಬರೆಯುತ್ತದೆ. ಯಾಕೆ? ಇನ್ನೊಬ್ಬರು ಅದೇ ಹೊತ್ತಿಗೆ ಹಳೆಯ ಸಾಲು ಓದುತ್ತಿರಬಹುದು. ಅವರು ಕಾಯಬಾರದು, ಅರ್ಧ ಬದಲಾದದ್ದನ್ನೂ ನೋಡಬಾರದು. ಸರಿ, ಹಾಗಾದರೆ ಹಳೆಯ ಸಾಲುಗಳ ರಾಶಿಯನ್ನು ಗುಡಿಸುವವರು ಯಾರು? ವ್ಯಾಕ್ಯೂಮ್ ಅನ್ನೋ ಗುಡಿಸುವ ಆಜ್ಞೆ ಯಾಕಿದೆ ಅಂತ ಈಗ ತಾನಾಗಿಯೇ ಹೊಳೆಯುತ್ತದೆ. ಪ್ರತಿ ಸಲ ಜಾಗ ಬದಲಾದರೆ ಇಂಡೆಕ್ಸ್‌ಗಳ (ಸಾಲನ್ನು ಬೇಗ ಹುಡುಕಿಕೊಡುವ ಪಟ್ಟಿಗಳ) ಗತಿ ಏನು? ಅದಕ್ಕೆ 8.3ನೇ ಆವೃತ್ತಿಯಲ್ಲಿ ಒಂದು ಉಪಾಯ ತಂದರು. ಇಂಡೆಕ್ಸ್ ಇರುವ ಕಾಲಮ್ ಬದಲಾಗಿಲ್ಲದಿದ್ದರೆ, ಅದೇ ಪುಟದಲ್ಲಿ ಜಾಗವೂ ಇದ್ದರೆ, ಇಂಡೆಕ್ಸ್ ಮುಟ್ಟೋದೇ ಬೇಡ ಅಂತ. ಆ ಉಪಾಯಕ್ಕೆ ಹಾಟ್ ಅಂತ ಹೆಸರು. ಅದರ ವಿವರಣೆಗೆ ಕೋಡ್ ಇರುವ ಫೋಲ್ಡರ್‌ನಲ್ಲೇ ಒಂದು ಪ್ರತ್ಯೇಕ ರೀಡ್‌ಮಿ ಇದೆ. ಯಾಕೆ ಹೀಗೆ ಮಾಡಿದೆವು, ಎಲ್ಲೆಲ್ಲಿ ಎಡವಬಹುದು ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ.

ಇಷ್ಟಾದ ಮೇಲೆ ಡೀಬಗರ್, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಸಾಧನ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಬೇರೆ ಪ್ರೋಸೆಸ್. ಅದರ ನಂಬರನ್ನು ಡೇಟಾಬೇಸ್‌ನಿಂದಲೇ ಕೇಳಿ ಪಡೆಯಬಹುದು. ಆ ಪ್ರೋಸೆಸ್‌ಗೆ ಜಿಡಿಬಿ ಅನ್ನೋ ಡೀಬಗರ್‌ನ ಕೊಕ್ಕೆ ಹಾಕಿ, ಸಾಲು ಬದಲಿಸುವ ಹೀಪ್ ಅಪ್‌ಡೇಟ್ ಫಂಕ್ಷನ್ನಿನ ಮೇಲೆ ಬ್ರೇಕ್‌ಪಾಯಿಂಟ್ (ಇಲ್ಲಿ ನಿಲ್ಲು ಅನ್ನೋ ಗುರುತು) ಇಟ್ಟು, ಓಟ ಮುಂದುವರಿಸಿ, ಅದೇ ಸಂಪರ್ಕ ಇರುವ ಇನ್ನೊಂದು ಕಿಟಕಿಯಿಂದ ಅಪ್‌ಡೇಟ್ ಕಳಿಸಿ. ಅದು ಬಂದು ನಿಲ್ಲುತ್ತದೆ. ಅಲ್ಲಿ ಬ್ಯಾಕ್‌ಟ್ರೇಸ್ ಕೇಳಿ. ಯಾರು ಯಾರನ್ನು ಕರೆದು ಇಲ್ಲಿಗೆ ಬಂದರು ಅನ್ನೋ ಪಟ್ಟಿ ಕೆಳಗಿನಿಂದ ಮೇಲಕ್ಕೆ ಬಿಚ್ಚಿಕೊಳ್ಳುತ್ತದೆ. ವಾಕ್ಯ ಓದುವ ಪಾರ್ಸರ್, ದಾರಿ ಲೆಕ್ಕ ಹಾಕುವ ಪ್ಲ್ಯಾನರ್ ಆ ಹೊತ್ತಿಗೆ ತಮ್ಮ ಕೆಲಸ ಮುಗಿಸಿ ಹೋಗಿರುತ್ತಾರೆ, ಪಟ್ಟಿಯಲ್ಲಿ ಕಾಣುವುದು ಕೆಲಸ ನಡೆಸುವ ಎಕ್ಸಿಕ್ಯೂಟರ್. ಪಾರ್ಸರ್ ಯಾಕೆ ಕಾಣುತ್ತಿಲ್ಲ ಅನ್ನೋ ಪ್ರಶ್ನೆ ಹುಟ್ಟಿತು ಅಂದರೆ ಆ ಮನುಷ್ಯ ಒಳಗೆ ಬಂದರು ಅಂತಲೇ ಲೆಕ್ಕ. ಇದಕ್ಕೆಲ್ಲ ಒಂದು ಸಂಜೆ ಸಾಕು. ಎಷ್ಟು ಕೋಡ್ ಓದಿದಿರಿ ಅಂದರೆ ತೀರಾ ಕಡಿಮೆ. ಆದರೆ ಓದಿದ್ದು ಮೇಲಿನಿಂದ ಕೆಳತನಕ ಒಂದೇ ದಾರಿ.

ಹೊಸಬರಿಗೆ ಕೊಡಬೇಕಾದ್ದು ಇಂಥ ಒಂದು ದಾರಿ ಅಂತ ನನ್ನ ಅಭಿಪ್ರಾಯ. ಯಾವ ಯೋಜನೆಯಲ್ಲೂ ಇಂಥ ಮೂರ್ನಾಲ್ಕು ದಾರಿಗಳು ಸಿಗುತ್ತವೆ. ಮೇಂಟೇನರ್‌ಗೆ ಅವು ಎಷ್ಟು ಸವೆದಿರುತ್ತವೆ ಅಂದರೆ ಬರೆಯುವಂಥದ್ದು ಏನಿದೆ ಅನಿಸುತ್ತದೆ.

ದೊಡ್ಡ ಕೋಡ್ ಕಣ್ಣು ಕತ್ತಲೆ ಬರಿಸಿದರೆ ಇನ್ನೊಂದು ಉಪಾಯವಿದೆ. ಅದು ಚಿಕ್ಕದಾಗಿದ್ದ ಕಾಲಕ್ಕೆ ಹೋಗುವುದು. ಕೋಡ್‌ನ ಬದಲಾವಣೆಗಳ ಚರಿತ್ರೆ ಇಡುವ ಗಿಟ್‌ನ ಮೊದಲ ಕಮಿಟ್ (ದಾಖಲಾದ ಬದಲಾವಣೆ) 2005ರ ಏಪ್ರಿಲ್ 7ರದ್ದು. ಎಲ್ಲ ಸೇರಿ ಸುಮಾರು 1,200 ಸಾಲು. ಒಂದು ಭಾನುವಾರ ಓದಿ ಮುಗಿಸಬಹುದು. ಇವತ್ತಿನ ಗಿಟ್ ಲಕ್ಷಗಟ್ಟಲೆ ಸಾಲು. ಆದರೂ ಬೆನ್ನೆಲುಬು ಅವತ್ತೇ ಇತ್ತು. ಫೈಲ್‌ನ ಒಳಗಿರುವುದು ಒಂದು ಬ್ಲಾಬ್, ಫೋಲ್ಡರ್ ಒಂದು ಟ್ರೀ, ಆ ಟ್ರೀಯನ್ನೂ ಹಿಂದಿನ ಸ್ಥಿತಿಯನ್ನೂ ತೋರಿಸುವ ಒಂದು ಕಮಿಟ್, ಎಲ್ಲಕ್ಕೂ ಹೆಸರು ಅದರ ಹ್ಯಾಶ್ (ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಸಂಖ್ಯೆ). ಬ್ರಾಂಚ್, ಮರ್ಜ್ ಎಲ್ಲ ಅದರಲ್ಲಿ ಇನ್ನೂ ಇಲ್ಲ. ಇಲ್ಲದೇ ಇರುವುದೇ ಅನುಕೂಲ, ಯಾವುದು ಬುಡ, ಯಾವುದು ಕೊಂಬೆ ಅಂತ ಗೊತ್ತಾಗುತ್ತದೆ. ಎಂಐಟಿಯವರು ಪಾಠಕ್ಕೆ ಅಂತ ಎಕ್ಸ್‌ವಿ6 ಅನ್ನೋ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದುಕೊಂಡಿದ್ದಾರೆ. ಅದು ಲಯನ್ಸ್ ಪಾಠ ಮಾಡಿದ ಅದೇ ಆರನೇ ಆವೃತ್ತಿಯ ಮಾದರಿಯಲ್ಲಿದೆ.

ಇನ್ನು, ಮೊದಲ ಕೆಲಸ ಅಂತ ಏನು ಕೊಡಬೇಕು? ಕಾಗುಣಿತ ತಿದ್ದುವುದು, ಖಾಲಿ ಜಾಗ ಸರಿಪಡಿಸುವುದು ಇತ್ಯಾದಿ ಪ್ಯಾಚ್ ಕಳಿಸುವ ವಿಧಾನವನ್ನು ಕಲಿಸುತ್ತವೆ, ಅಷ್ಟೇ. ಕಚೇರಿ ಕೆಲಸದ ತಂತ್ರಾಂಶವಾದ ಲಿಬ್ರೆಆಫೀಸ್‌ನವರು ಇದನ್ನು ಚೆನ್ನಾಗಿ ನಿಭಾಯಿಸಿದರು. ಅದರ ಕೋಡ್‌ನ ಬೇರು ಜರ್ಮನಿಯ ಸ್ಟಾರ್‌ಆಫೀಸ್‌ನಲ್ಲಿದೆ. 2010ರಲ್ಲಿ ಲಿಬ್ರೆಆಫೀಸ್ ಓಪನ್‌ಆಫೀಸ್‌ನಿಂದ ಬೇರೆಯಾದಾಗ ಕಾಮೆಂಟ್‌ಗಳ ದೊಡ್ಡ ರಾಶಿಯೇ ಜರ್ಮನ್ ಭಾಷೆಯಲ್ಲಿತ್ತು. ಅವನ್ನು ಇಂಗ್ಲಿಷ್‌ಗೆ ತರುವುದು ಹೊಸಬರ ಕೆಲಸವಾಯಿತು. ವರ್ಷಗಟ್ಟಲೆ ನಡೆಯಿತು. ಕಾಮೆಂಟ್ ಅನುವಾದ ಮಾಡಬೇಕು ಅಂದರೆ ಕೆಳಗಿನ ಕೋಡ್ ಏನು ಮಾಡುತ್ತಿದೆ ಅಂತ ನೋಡಲೇಬೇಕು, ಇಲ್ಲದಿದ್ದರೆ ಅನುವಾದ ತಪ್ಪುತ್ತದೆ. ಯಾರೂ ಕರೆಯದ ಫಂಕ್ಷನ್‌ಗಳನ್ನು ತೆಗೆದುಹಾಕುವುದು ಇನ್ನೊಂದು ಕೆಲಸ. ಇದು ನಿಜಕ್ಕೂ ಸತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳೋಕೆ ಅದು ಒಂದು ಕಾಲಕ್ಕೆ ಏಕೆ ಬದುಕಿತ್ತು ಅಂತ ತಿಳಿಯಬೇಕು. ಅವರ 'ಈಸಿ ಹ್ಯಾಕ್' ಪಟ್ಟಿಯಲ್ಲಿ ಪ್ರತಿ ಕೆಲಸದ ಜೊತೆಗೂ ಕೋಡ್‌ನಲ್ಲಿ ಎಲ್ಲಿಂದ ಶುರು ಮಾಡಬೇಕು ಅನ್ನೋ ಸುಳಿವು ಇರಬೇಕು ಅಂತ ನಿಯಮ. ಬರೀ 'ಸುಲಭ' ಅಂತ ಚೀಟಿ ಅಂಟಿಸಿ ಹೋಗುವಂತಿಲ್ಲ. ಯಾರಿಗೆ ಸುಲಭ, ಹೇಳಿ?

ಬರವಣಿಗೆಯ ವಿಷಯಕ್ಕೆ ಬಂದರೆ, ದಾಖಲೆ ಕೋಡ್‌ನಿಂದ ಎಷ್ಟು ದೂರವೋ ಅಷ್ಟು ಬೇಗ ಹಳಸುತ್ತದೆ. ಎಲ್ಲೋ ಒಂದು ವಿಕಿಯಲ್ಲಿ ಬರೆದದ್ದನ್ನು ಕೋಡ್ ಬದಲಾಯಿಸುವವರು ನೆನಪಿಟ್ಟು ತಿದ್ದುವುದಿಲ್ಲ. ಪೈಥಾನ್ ಭಾಷೆಯವರು 2024ರಲ್ಲಿ ಒಳರಚನೆಯ ಬರಹಗಳನ್ನು ಮುಖ್ಯ ಕೋಡ್ ಭಂಡಾರದೊಳಗೇ ಒಂದು ಫೋಲ್ಡರ್ ಮಾಡಿ ತಂದಿಟ್ಟರು. ಒಳ್ಳೆಯ ನಡೆ. ಕೋಡ್ ಬದಲಾಯಿಸುವ ಪ್ಯಾಚ್‌ನಲ್ಲೇ ಬರಹವನ್ನೂ ತಿದ್ದಿ ಅಂತ ಕೇಳಬಹುದು. ಕಮಿಟ್ ಸಂದೇಶವೂ ದಾಖಲೆಯೇ. ಪೋಸ್ಟ್‌ಗ್ರೆಸ್ ಕಮಿಟ್‌ಗಳಲ್ಲಿ ಏನು ಮಾಡಿದೆವು, ಯಾಕೆ ಮಾಡಿದೆವು ಅಂತ ಬರೆದು, ಅದರ ಚರ್ಚೆ ನಡೆದ ಜಾಗದ ಕೊಂಡಿಯನ್ನೂ ಕೊಡುತ್ತಾರೆ. ಯಾವ ಸಾಲು ಯಾವ ಕಮಿಟ್‌ನಲ್ಲಿ ಬಂತು ಅಂತ ಹೇಳುವ ಗಿಟ್ ಬ್ಲೇಮ್ ಹಿಡಿದು ಒಂದು ವಿಚಿತ್ರ ಸಾಲಿನಿಂದ ಹೊರಟರೆ ಹತ್ತು ವರ್ಷದ ಹಿಂದಿನ ಜಗಳಕ್ಕೆ ಹೋಗಿ ತಲುಪಬಹುದು. ಯಾವ ಉಪಾಯ ಬೇಡ ಅಂತ ಬಿಟ್ಟರು ಅನ್ನೋದು ಅಲ್ಲಿ ಸಿಗುತ್ತದೆ. ಕೋಡ್‌ನಲ್ಲಿ ಅದು ಎಂದಿಗೂ ಕಾಣುವುದಿಲ್ಲ. ಉಳಿದದ್ದಷ್ಟೇ ಕೋಡ್, ಅಲ್ವಾ?

ಇದನ್ನೆಲ್ಲ ಬರೆಯೋಕೆ ಸರಿಯಾದ ವ್ಯಕ್ತಿ ಯಾರು? ನನ್ನ ಪ್ರಕಾರ ಬಂದು ಮೂರು ವಾರವಾದ ಹೊಸಬರು. ಎಲ್ಲಿ ಎಡವಿದೆ ಅಂತ ಅವರಿಗೆ ಇನ್ನೂ ನೆನಪಿರುತ್ತದೆ. ಆರು ತಿಂಗಳಾದರೆ ಮರೆಯುತ್ತಾರೆ, ಹಳಬರ ಸಾಲಿಗೆ ಸೇರುತ್ತಾರೆ. ಅವರು ಬರೆಯಲಿ, ಹಳಬರು ತಪ್ಪು ತಿದ್ದಲಿ. ಖಾಲಿ ಹಾಳೆ ಕೊಟ್ಟರೆ ಬರೆಯದ ಮೇಂಟೇನರ್ ಕೂಡ ತಪ್ಪು ಬರೆದದ್ದನ್ನು ಕಂಡರೆ ತಿದ್ದದೆ ಬಿಡುವುದಿಲ್ಲ!

ಇಷ್ಟು ವರ್ಷ ಈ ವ್ಯವಸ್ಥೆ ಹೇಗೋ ನಡೆಯುತ್ತಿತ್ತು. ಪ್ಯಾಚ್ ಬರೆಯೋಕೆ ಕಷ್ಟಪಡಬೇಕಿತ್ತು, ಕಷ್ಟಪಟ್ಟವರು ಒಂದಿಷ್ಟಾದರೂ ಕಲಿತಿರುತ್ತಿದ್ದರು. ಹಾಗಾಗಿ ಪ್ಯಾಚ್ ನೋಡಿದರೆ ಕಲಿಕೆಯ ಅಂದಾಜು ಸಿಗುತ್ತಿತ್ತು. ಎಐ ಬಂದ ಮೇಲೆ ಆ ಲೆಕ್ಕ ತಪ್ಪಿದೆ. ಐದು ನಿಮಿಷದಲ್ಲಿ ನೋಡೋಕೆ ಚೆಂದದ ಪ್ಯಾಚ್ ತಯಾರು. ಅದನ್ನು ರಿವ್ಯೂ ಮಾಡೋಕೆ ಮಾತ್ರ ಮೊದಲಿನಷ್ಟೇ ಸಮಯ ಬೇಕು. ರಿವ್ಯೂನಲ್ಲಿ 'ಇಲ್ಲಿ ಲಾಕ್ ಯಾಕೆ ಬೇಡ ಅಂದುಕೊಂಡಿರಿ?' ಅಂತ ಕೇಳಿದರೆ ಆ ಪ್ರಶ್ನೆಯೂ ಎಐಗೇ ಹೋಗುತ್ತದೆ, ಉತ್ತರವೂ ಅಲ್ಲಿಂದಲೇ ಬರುತ್ತದೆ. ಮೇಂಟೇನರ್ ಪಾಠ ಮಾಡಿದ್ದು ಯಾರಿಗೆ? ಲಿನಕ್ಸ್‌ನ ಒಂದು ಬಗೆಯಾದ ಜೆಂಟೂ 2024ರ ಏಪ್ರಿಲ್‌ನಲ್ಲಿ ಎಐ ಬರೆದ ಕೊಡುಗೆ ಬೇಡ ಅಂದಿತು. ಮರು ತಿಂಗಳು ನೆಟ್‌ಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್, 2025ರಲ್ಲಿ ಬೇರೆ ಕಂಪ್ಯೂಟರನ್ನು ಅನುಕರಿಸುವ ಕ್ಯೂಇಎಂಯು ಅದೇ ದಾರಿ ಹಿಡಿದವು. ಅವರು ಮುಂದಿಟ್ಟ ಕಾರಣಗಳಲ್ಲಿ ಕಾಪಿರೈಟ್ ದೊಡ್ಡದು. ಜಾಲದಿಂದ ಡೇಟಾ ತರುವ ಸಾಧನ ಕರ್ಲ್‌ನ ಡೇನಿಯಲ್ ಸ್ಟೆನ್‌ಬರ್ಗ್ ಅವರ ಗೋಳು ಬೇರೆ. ಎಐ ಕಟ್ಟಿದ ಸುಳ್ಳು ಭದ್ರತಾ ವರದಿಗಳನ್ನು ಓದಿ ಓದಿ ತಂಡದ ಸಮಯವೆಲ್ಲ ಹೋಗುತ್ತಿದೆ ಅಂತ ಅವರು ಬಹಿರಂಗವಾಗಿಯೇ ದೂರಿದ್ದರು.

ನಿಷೇಧದಿಂದ ಕಲಿಕೆ ಬರುತ್ತದೆ ಅಂತ ನನಗೆ ಅನಿಸುವುದಿಲ್ಲ. 'ಈ ಕೆಲಸ ಯಾವ ಫೈಲ್‌ನಲ್ಲಿ ನಡೆಯುತ್ತದೆ' ಅಂತ ಎಐಯನ್ನು ಕೇಳಿದರೆ ನನ್ನ ಆ ಮೂರು ಸಂಜೆ ಉಳಿಯುತ್ತಿತ್ತು. ಕೇಳಿ, ಆಮೇಲೆ ಡೀಬಗರ್ ಹಾಕಿ ಅದು ಹೇಳಿದ್ದು ನಿಜವಾ ಅಂತ ನೋಡಿದರೆ ಕಲಿಕೆಯೇ. ಬದಲಾಗಬೇಕಾದ್ದು ಹೊಸಬರನ್ನು ಅಳೆಯುವ ಕೋಲು. ಪೋಸ್ಟ್‌ಗ್ರೆಸ್‌ನಲ್ಲಿ ಬಹಳ ಹಿಂದಿನಿಂದ ಒಂದು ಪದ್ಧತಿ ಇದೆ. ಪ್ಯಾಚ್ ಕಳಿಸುವವರು ಅಷ್ಟೇ ತೂಕದ ಇನ್ನೊಬ್ಬರ ಪ್ಯಾಚನ್ನು ರಿವ್ಯೂ ಮಾಡಬೇಕು ಅಂತ. ಹೊಸಬರೂ ಮಾಡಬಹುದು. ಬಿಲ್ಡ್ ಆಗುತ್ತಾ, ಹೇಳಿದ್ದನ್ನು ಮಾಡುತ್ತಾ, ಮುರಿಯೋಕೆ ಆಗುತ್ತಾ ಅಂತ ನೋಡಿದರೂ ಅದು ರಿವ್ಯೂವೇ. ಇನ್ನೊಬ್ಬರ ಪ್ಯಾಚ್ ಓದುವಾಗ ಆ ಬದಲಾವಣೆ ಯಾಕೆ ಅಂತ ಕೇಳಲೇಬೇಕಾಗುತ್ತದೆ. ಹಳಬರ ಮೇಲಿನ ಹೊರೆಯೂ ಇಳಿಯುತ್ತದೆ.

ಹೊರೆ ಅಂದಾಗ ಎಕ್ಸ್‌ಜೆಡ್ ನೆನಪಾಗದೆ ಇರದು. ಎಷ್ಟೋ ಲಿನಕ್ಸ್ ಸಿಸ್ಟಮ್‌ಗಳಲ್ಲಿರುವ ಫೈಲ್ ಕುಗ್ಗಿಸುವ ಸಾಧನ ಅದು. ನೋಡಿಕೊಳ್ಳುತ್ತಿದ್ದದ್ದು ದಣಿದಿದ್ದ ಒಬ್ಬರೇ ಮೇಂಟೇನರ್. ಬಹುಶಃ ಸುಳ್ಳು ಹೆಸರಿನ ಒಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಪ್ಯಾಚ್ ಕಳಿಸಿ, ನಂಬಿಕೆ ಗಳಿಸಿ, ಮೇಂಟೇನರ್ ಆಗಿ, 2024ರಲ್ಲಿ 5.6.0 ಆವೃತ್ತಿಯೊಳಗೆ ಹಿಂಬಾಗಿಲು (ಕದ್ದು ಒಳನುಗ್ಗುವ ದಾರಿ) ಇಟ್ಟರು. ಹತ್ತನೇ ಪ್ಯಾಚ್ ತನಕ ಉಳಿಯುವ ಹೊಸಬರು ಅಪರೂಪ. ಹಾಗಿರುವಾಗ ಉಳಿದವರನ್ನು ಅಷ್ಟಾಗಿ ಪರೀಕ್ಷಿಸೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ಪಕ್ಕದಲ್ಲಿ ಇನ್ನಿಬ್ಬರು ಕೋಡ್ ಬಲ್ಲವರಿದ್ದರೆ ಆ ಕಣ್ಣುಗಳಾದರೂ ಇರುತ್ತಿದ್ದವು.

ಅದನ್ನು ಹಿಡಿದವರು ಎಕ್ಸ್‌ಜೆಡ್ ತಂಡದವರಲ್ಲ. ಆಂಡ್ರೆಸ್ ಫ್ರೂಂಡ್, ಪೋಸ್ಟ್‌ಗ್ರೆಸ್ ಡೆವಲಪರ್. ಯಾವುದೋ ವೇಗದ ಪರೀಕ್ಷೆ ನಡೆಸುತ್ತಿದ್ದಾಗ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಪ್ರವೇಶ ಕೊಡುವ ಸಾಧನ) ಲಾಗಿನ್ ಜಾಸ್ತಿ ಸಿಪಿಯು ತಿನ್ನುತ್ತಿರುವುದು ಕಾಣಿಸಿತು. ಲಾಗಿನ್‌ಗೆ ಸುಮಾರು 500 ಮಿಲಿಸೆಕೆಂಡ್ ಹೆಚ್ಚಿಗೆ ಹಿಡಿಯುತ್ತಿತ್ತು. ಕೆಲವು ವಾರದ ಹಿಂದೆ ಪೋಸ್ಟ್‌ಗ್ರೆಸ್ ಪರೀಕ್ಷೆಯಲ್ಲಿ ಮೆಮೊರಿ ತಪ್ಪು ಹಿಡಿಯುವ ಸಾಧನ ವ್ಯಾಲ್‌ಗ್ರೈಂಡ್ ಒಂದು ವಿಚಿತ್ರ ದೂರು ಹೇಳಿದ್ದು ಅವರಿಗೆ ನೆನಪಾಯಿತು. ಅರ್ಧ ಸೆಕೆಂಡ್ ತಾನೆ ಅಂತ ಬಿಡಲಿಲ್ಲ. ತಮ್ಮದಲ್ಲದ ಕೋಡ್‌ನೊಳಗೆ ಆ ಒಂದು ಎಳೆ ಹಿಡಿದುಕೊಂಡು ಹೋದರು.